ನಾಲ್ಕನೆಯ ಚಪ್ಪಾಳೆ

ನಮ್ಮ ಬೀದಿಯ ಜನರ ಬಾಯಲ್ಲಿ ಎರಡು ಮಾತು ಬರುವುದಿಲ್ಲ. ಒಂದು, ‘ನನಗೆ ಗೊತ್ತಿಲ್ಲ.’ ಇನ್ನೊಂದು, ‘ನಾನು ಮುಂದೆ ಹೋಗುತ್ತೇನೆ.’ ಇವೆರಡರಲ್ಲಿ ಒಂದನ್ನಾದರೂ ಯಾರಾದರೂ ಒಬ್ಬರು ಆಡಿದ್ದರೆ ಕುಮಶಿರೊ ದೇಗುಲದಲ್ಲಿ ಆ ಭಾನುವಾರ ಆದದ್ದು ಆಗುತ್ತಿರಲಿಲ್ಲ. ಯಾರೂ ಆಡಲಿಲ್ಲ. ನಾನೂ ಆಡಲಿಲ್ಲ.

ನಾನು ಈ ಬೀದಿಯಲ್ಲಿ ಮೂವತ್ತೊಂದು ವರ್ಷದಿಂದ ಕ್ಷೌರದಂಗಡಿ ನಡೆಸುತ್ತಿರುವವನು. ಇಲ್ಲಿನ ಒಂದೊಂದು ತಲೆಯನ್ನೂ ಹೊರಗಿನಿಂದ ಬಲ್ಲೆ. ಒಳಗೆ ಹೆಚ್ಚೇನೂ ಸಾಮಾನಿಲ್ಲ ಎಂದು ನಾನು ಹೇಳಿದರೆ ಅದು ಅನುಭವದ ಮಾತು ಎಂದು ತಿಳಿಯಬೇಕು.

ಪ್ರತಿ ವರ್ಷ ಸೆಪ್ಟೆಂಬರ್‌ನ ಎರಡನೆಯ ಭಾನುವಾರ ನಮ್ಮ ಬೀದಿಯ ಸಂಘದವರು ಬಸ್ಸು ಮಾಡಿಕೊಂಡು ಕುಮಶಿರೊಗೆ ಹೋಗುತ್ತೇವೆ. ಸಾವಿರದ ಇನ್ನೂರು ವರ್ಷದ ದೇಗುಲ. ಇನ್ನೂರ ಹನ್ನೆರಡು ಕಲ್ಲಿನ ಮೆಟ್ಟಿಲು. ಎರಡೂ ಕಡೆ ದೇವದಾರು ಮರ, ಅದರ ಕೆಳಗೆ ಮಧ್ಯಾಹ್ನದಲ್ಲೂ ಕತ್ತಲು. ಸಂಘದ ಅಧ್ಯಕ್ಷ ಒದಾಗಿರಿ ನಿವೃತ್ತ ಉಪ ಮುಖ್ಯೋಪಾಧ್ಯಾಯರು. ನಿವೃತ್ತಿಯ ಆದೇಶ ಶಾಲೆಗೆ ತಲುಪಿದೆ, ಅವರಿಗೆ ಇನ್ನೂ ತಲುಪಿಲ್ಲ. ಬಸ್ಸು ಹೊರಡುವ ಮುಂಚೆ ಅವರು ಎಲ್ಲರ ಕೈಗೂ ಅಚ್ಚಾದ ಒಂದು ಕಾಗದ ಕೊಡುತ್ತಾರೆ: ‘ದೇವರ ಮುಂದೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಪ್ರಾರ್ಥಿಸಿ, ಕೊನೆಗೆ ಒಂದು ಸಲ ಬಾಗಿ.’ ಹಾಲು ಬಿಟ್ಟ ದಿನದಿಂದ ಮಾಡಿಕೊಂಡು ಬಂದದ್ದನ್ನೇ ಅಚ್ಚು ಹಾಕಿಸಿ ಕೊಟ್ಟಾಗ ನಾವು ಎರಡೂ ಕೈಯಲ್ಲಿ ತೆಗೆದುಕೊಂಡು, ಬಹಳ ಉಪಕಾರವಾಯಿತು ಎಂದು ಹೇಳಿ ಜೇಬಿಗೆ ಹಾಕಿಕೊಳ್ಳುತ್ತೇವೆ.

ಎಂದಿನಂತೆ ಒದಾಗಿರಿಯವರೇ ಮುಂದೆ ನಿಂತು ಕೈ ಮುಗಿಯಬೇಕಿತ್ತು. ಈ ವರ್ಷ ಅವರ ಮಂಡಿ ಕೈಕೊಟ್ಟಿತು. ಅವರು ಏದುಸಿರು ಬಿಡುತ್ತ ಎಲ್ಲರಿಗಿಂತ ಕೊನೆಗೆ ಮೇಲೆ ಬಂದಾಗ, ಗರ್ಭಗುಡಿಯ ಮುಂದೆ ಇಪ್ಪತ್ತೆರಡು ಜನ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತ ನಿಂತಿದ್ದರು.

“ನೀವು ಮೊದ್ಲು, ದಯವಿಟ್ಟು.”

“ಅಯ್ಯಯ್ಯೋ, ನಾನೆಲ್ಲಿ! ನೀವು ಹಿರೀಕರು.”

“ಏನ್ ಹಿರೀಕ್ರು, ನಿಮಗಿಂತ ನಾಲ್ಕು ತಿಂಗ್ಳು. ನೀವೇ ನಡೀರಿ.”

ಮರ್ಯಾದೆಯ ಈ ಮಲ್ಲಯುದ್ಧದಲ್ಲಿ ಸೋತವನು ಮುಂದೆ ಹೋಗಬೇಕು. ನಮ್ಮಲ್ಲಿ ಯಾವ ಯುದ್ಧವಾದರೂ ಸೋಲುವವರು ನಿಶಿಗೋರಿ. ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರ್ ಓದಿ ನಿವೃತ್ತರಾದ ಈ ಮನುಷ್ಯನ ಮುಖಕ್ಕಿಂತ ಬೀದಿಗೆ ಅವರ ಬಗ್ಗಿದ ಬೆನ್ನೇ ಹೆಚ್ಚು ಪರಿಚಯ. ಸಂಘದ ಸಭೆಯಲ್ಲಿ ಅವರು ಬಾಗಿಲ ಹತ್ತಿರ ಕೂರುತ್ತಾರೆ. ಒಂದು ಸಲ ಅವರು ಒಳಗಿರುವಾಗಲೇ ದೀಪ ಆರಿಸಿ ಬೀಗ ಹಾಕಿಕೊಂಡು ಬಂದಿದ್ದೆವು. ಮರುದಿನ ಅವರೇ ನಮ್ಮಲ್ಲಿ ಕ್ಷಮೆ ಕೇಳಿದ್ದರು.

ಅಂಥ ನಿಶಿಗೋರಿ ತಳ್ಳಿಸಿಕೊಂಡು ದೇವರ ಮುಂದೆ ಬಿದ್ದರು. ಅವರ ಹಿಂದೆಯೇ ನಾನು ನಿಂತಿದ್ದೆ. ಅವರು ಎರಡು ಸಲ ಬಾಗಿದರು, ಎರಡು ಚಪ್ಪಾಳೆ ತಟ್ಟಿದರು. ಆಮೇಲೆ ಸುಮ್ಮನೆ ನಿಂತರು. ತಲೆ ಮೆಲ್ಲಗೆ ಎಡಕ್ಕೆ ತಿರುಗಿತು. ಮುಖದ ಹತ್ತಿರ ಮೂರನೆಯ ಚಪ್ಪಾಳೆ, ಸ್ವಲ್ಪ ಟೊಳ್ಳು. ಮತ್ತೆ ಮೌನ. ಆಮೇಲೆ ಹಲಗೆ ಮುರಿದ ಹಾಗೆ ನಾಲ್ಕನೆಯದು! ಅಂಗೈ ಬಿಡಿಸಿ ಅದನ್ನೇ ಬಹಳ ಹೊತ್ತು ನೋಡಿದರು. ಬಲ ಅಂಗೈಯನ್ನು ಪ್ಯಾಂಟಿನ ಹಿಂಭಾಗಕ್ಕೆ ಒರೆಸಿಕೊಂಡರು. ಕೈ ಜೋಡಿಸಿ, ಒಂದು ಸಲ ಬಾಗಿ, ಪಕ್ಕಕ್ಕೆ ಸರಿದರು.

ಇಪ್ಪತ್ತೆರಡು ಜನರ ಜೇಬಿನಲ್ಲಿ ಇಪ್ಪತ್ತೆರಡು ಅಚ್ಚಾದ ಕಾಗದಗಳಿದ್ದವು. ಒಬ್ಬರೂ ಜೇಬಿಗೆ ಕೈ ಹಾಕಲಿಲ್ಲ. ನನ್ನ ಸರದಿ ಬಂತು. ನಿಶಿಗೋರಿಗೆ ಏನೋ ಗೊತ್ತಿದೆ, ನನಗೆ ಗೊತ್ತಿಲ್ಲ ಎಂಬುದು ಇವರೆಲ್ಲರಿಗೂ ತಿಳಿದುಬಿಡುತ್ತದೆ ಎಂದು ಹೆದರಿ ನಾನೂ ಎರಡು ತಟ್ಟಿ, ನಿಂತು, ಒಂದು ಟೊಳ್ಳು, ಒಂದು ಗಟ್ಟಿ ತಟ್ಟಿ, ಅಂಗೈ ನೋಡಿ, ಹಿಂಭಾಗಕ್ಕೆ ಒರೆಸಿಕೊಂಡೆ. ನನ್ನ ಹಿಂದಿನವರು ನನ್ನನ್ನು ನೋಡಿ ಮಾಡಿದರು. ಕಟ್ಟಕಡೆಗೆ, ಆ ಕಾಗದವನ್ನು ಸ್ವಹಸ್ತದಿಂದ ಬರೆದ ಒದಾಗಿರಿಯವರು ಕಣ್ಣು ಮುಚ್ಚಿ, ಎಲ್ಲರಿಗಿಂತ ಜೋರಾಗಿ ನಾಲ್ಕು ತಟ್ಟಿ, ಎಲ್ಲರಿಗಿಂತ ಗಂಭೀರವಾಗಿ ಒರೆಸಿಕೊಂಡರು.

ಬಸ್ಸಿನಲ್ಲಿ ಹಚಿಸುಕಾ ಅಮ್ಮ ಎದ್ದು ನಿಂತರು. ಹೂ ಜೋಡಿಸುವ ವಿದ್ಯೆ ಕಲಿಸುವ ವಿಧವೆ. ಹೂವಿನ ಮುಂದೆ ಇರುವ ತಾಳ್ಮೆ ಮನುಷ್ಯರ ಮುಂದೆ ಅವರಿಗಿಲ್ಲ.

“ನಿಶಿಗೋರಿ ಸಾನ್, ಒಂದ್ಮಾತು. ನಾಲ್ಕು ಸಲ ಯಾಕೆ ತಟ್ಟಿದ್ರಿ?”

ನಿಶಿಗೋರಿ ಬಾಯಿ ತೆರೆದರು. ನಲವತ್ತನಾಲ್ಕು ಕಣ್ಣುಗಳು ಅವರ ಮೇಲೆ. “ಅದು... ಏನಂದ್ರೆ... ಅಲ್ಲಿ ಒಂದು...”

“ಗೊತ್ತಿಲ್ವೇನಮ್ಮ?” ಎಂದು ಒದಾಗಿರಿ ಮುಂದಿನ ಸೀಟಿನಿಂದ ಮೈಕು ಹಿಡಿದರು. ನಾಲ್ಕು ತಟ್ಟಿದ ಕೈಯನ್ನು ಇನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. “ದೇಶದ ಒಂದೆರಡು ಮಹಾ ದೇಗುಲದಲ್ಲಿ ಇವತ್ತಿಗೂ ನಾಲ್ಕೇ. ಕುಮಶಿರೊದ್ದೂ ಮೂಲದಲ್ಲಿ ಅದೇ. ನನ್ನ ಕಾಗದ ಏನಿದ್ರೂ ಸಾಮಾನ್ಯ ಜನಕ್ಕೆ. ನಿಶಿಗೋರಿ ಸಾನ್ ಮೂಲ ಪದ್ಧತಿ ಬಲ್ಲೋರು. ಅಲ್ವಾ, ನಿಶಿಗೋರಿ ಸಾನ್?”

“ಹ್ಞಾಂ... ಹಾಗೇನೇ ಅನ್ಸುತ್ತೆ.”

“ಮತ್ತೆ ಅಂಗೈ ನೋಡ್ಕೊಂಡಿದ್ದು?” ಎಂದರು ಹಚಿಸುಕಾ ಅಮ್ಮ.

“ಅದು... ಏನಾಯ್ತು ಅಂತ ನೋಡೋಕೆ.”

“ವರ್ಷದಲ್ಲಿ ನಮ್ಮ ಕೈಯಿಂದ ಏನೇನಾಯ್ತು ಅಂತ ನೋಡೋಕೆ!” ಹಚಿಸುಕಾ ಅಮ್ಮ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. “ಎಂಥ ಆಳ! ಆಮೇಲೆ ಆ ಪಾಪಾನ ಹಿಂದಕ್ಕೆ ಒರೆಸಿ ಬಿಡೋದು. ನಮ್ಮಜ್ಜನೂ ಹೀಗೇ ಮಾಡ್ತಿದ್ದ ಹಾಗೆ ಒಂದು ನೆನಪು.”

ಬಸ್ಸು ಊರು ಮುಟ್ಟುವ ಹೊತ್ತಿಗೆ ಏಳು ಜನರ ಅಜ್ಜಂದಿರು ಹಾಗೆ ಮಾಡುತ್ತಿದ್ದರು. ಸತ್ತವರ ಸಾಕ್ಷಿಗೆ ಮಾತ್ರ ನಮ್ಮಲ್ಲಿ ಎಂದೂ ಕೊರತೆಯಿಲ್ಲ.

ಎರಡು ದಿನ ಕಳೆದು ನಿಶಿಗೋರಿ ನನ್ನ ಅಂಗಡಿಗೆ ಬಂದರು. ಮುಖಕ್ಕೆ ಸೋಪು ಹಚ್ಚಿ, ಕತ್ತಿಯನ್ನು ಗಂಟಲ ಹತ್ತಿರ ತರುವಾಗ ಅವರ ಎಡ ಮೂಗಿನ ಹೊಳ್ಳೆಯ ಮೇಲೆ ಕೆಂಪು ಗುಳ್ಳೆ ಕಂಡಿತು.

“ಇದೇನಿದು?”

ಅವರು ಕಣ್ಣು ಮುಚ್ಚಿಕೊಂಡರು. “ಸೊಳ್ಳೆ ಕಚ್ಚಿದ್ದು.”

“ಎಲ್ಲಿ?”

“ಕುಮಶಿರೊದಲ್ಲಿ. ದೇವರ ಮುಂದೆ. ಮೂರನೇದಕ್ಕೆ ತಪ್ಪಿಸ್ಕೊಳ್ತು. ನಾಲ್ಕನೇದಕ್ಕೆ ಸಿಕ್ತು.”

ನಾನು ಕತ್ತಿಯನ್ನು ಅವರ ಗಂಟಲಿನಿಂದ ಹಿಂದಕ್ಕೆ ತೆಗೆದೆ. ಗಾಯವಾಗಿದ್ದರೆ ಅವರ ತಪ್ಪು, ನನ್ನದಲ್ಲ.

“ರಕ್ತ ಇತ್ತು, ಮಾರಾಯ್ರೇ,” ಎಂದು ಅವರು ಸೋಪಿನ ನೊರೆಯೊಳಗಿಂದ ಪಿಸುಗುಟ್ಟಿದರು. “ದೇವರ ಸನ್ನಿಧೀಲಿ ರಕ್ತ! ಮೈಲಿಗೆ! ಹೆಂಡ್ತಿ ಕಿನುಯೊಗೆ ಹೇಳ್ದೆ. ‘ಸಾವಿರದಿನ್ನೂರು ವರ್ಷದಲ್ಲಿ ಅಲ್ಲಿ ಕೊಲೆ ಮಾಡಿದೋರು ನೀವೊಬ್ರೇ ಇರ್ಬೇಕು ಕಣ್ರೀ, ಹೋಗಿ ಎಲ್ರಿಗೂ ನಿಜ ಹೇಳಿ ಬನ್ನಿ’ ಅಂದ್ಲು. ಹೇಳ್ಬಿಡ್ಲಾ?”

ಹೇಳಿಬಿಡಿ ಎನ್ನಬೇಕಿತ್ತು. ಆದರೆ ಹೇಳಿದರೆ ಏನಾಗುತ್ತದೆ? ಇಪ್ಪತ್ತೆರಡು ಮಂದಿ ಹಾಡಹಗಲೇ, ಸಾಲಾಗಿ ನಿಂತು, ಇಲ್ಲದ ಸೊಳ್ಳೆಯನ್ನು ಕೊಂದು ಹಿಂಭಾಗಕ್ಕೆ ಒರೆಸಿಕೊಂಡರು ಎಂದಾಗುತ್ತದೆ. ಆ ಇಪ್ಪತ್ತೆರಡರಲ್ಲಿ ಮೊದಲನೆಯವನು ನಾನು.

“ಸ್ವಲ್ಪ ದಿನ ಸುಮ್ನಿರಿ. ಜನ ಮರೀತಾರೆ,” ಎಂದೆ. ಬೀದಿಯ ಬಗ್ಗೆ ಮೂವತ್ತೊಂದು ವರ್ಷದಲ್ಲಿ ನಾನು ಹೇಳಿದ ಅತ್ಯಂತ ದೊಡ್ಡ ಸುಳ್ಳು ಇದು.

ಮುಂದಿನ ಸಭೆಯಲ್ಲಿ ಬಾಗಿಲ ಹತ್ತಿರ ಕೂರಲು ಹೋದ ನಿಶಿಗೋರಿಯನ್ನು ಒದಾಗಿರಿ ಕೈ ಹಿಡಿದು ತಂದು ಮುಂದಿನ ಚಾಪೆಯ ಮೇಲೆ, ದಪ್ಪ ದಿಂಬಿನ ಮೇಲೆ ಕೂರಿಸಿದರು. ಟೀ ಮೊದಲು ಅವರಿಗೆ ಬಂತು. ಮೀಟರ್ ಓದುವವನನ್ನು ಯಾರೂ ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳಿದವರಲ್ಲ. ಈಗ ಕಸದ ದಿನ ಬುಧವಾರವಿರಲೋ ಗುರುವಾರವಿರಲೋ ಎಂಬುದಕ್ಕೂ ಅವರ ಮುಖ ನೋಡುತ್ತಿದ್ದರು. ಪಾಪ, ಅರವತ್ತೇಳನೆಯ ವಯಸ್ಸಿನಲ್ಲಿ ಮೊಟ್ಟಮೊದಲ ಸಲ ಆ ಮನುಷ್ಯ ಬೇರೆಯವರ ಕಣ್ಣಿಗೆ ಕಂಡಿದ್ದರು. ಒಂದು ನಿಜ ಹೇಳಿದರೆ ಮತ್ತೆ ಮಾಯವಾಗಬೇಕು. ಎರಡು ವಾರ ಅವರು ‘ನಾಳೆ ಹೇಳ್ತೀನಿ’ ಎಂದು ಹೆಂಡತಿಗೆ ಹೇಳಿದರು. ಮೂರನೆಯ ವಾರ ನನ್ನ ಅಂಗಡಿಯ ಕನ್ನಡಿಯಲ್ಲಿ ಮೀಸೆಯ ಜಾಗ ಸವರಿಕೊಂಡು, “ಇಲ್ಲೊಂದು ಮೀಸೆ ಬಿಟ್ರೆ ಹೇಗಿರುತ್ತೆ? ಗಂಭೀರವಾಗಿ?” ಎಂದು ಕೇಳಿದರು. ಆಗಲೇ ನನಗೆ ಗೊತ್ತಾಯಿತು, ಇನ್ನು ಈತ ಹೇಳುವುದಿಲ್ಲ ಎಂದು.

ಬೀದಿಯ ಕೊನೆಯಲ್ಲಿರುವ ನಮ್ಮ ಪುಟ್ಟ ಗುಡಿಯ ಮುಂದೆ ಪ್ರತಿ ಗುರುವಾರ ನಾಲ್ಕು ಚಪ್ಪಾಳೆಯ ಅಭ್ಯಾಸ ಶುರುವಾಯಿತು. ಮತ ಹುಟ್ಟಿದ ಮೇಲೆ ಭೇದ ಹುಟ್ಟದೆ ಇರುತ್ತದೆಯೇ? ಹಚಿಸುಕಾ ಅಮ್ಮ ತಮ್ಮ ಅಜ್ಜ ಎಡಗಡೆಗೆ ಒರೆಸಿಕೊಳ್ಳುತ್ತಿದ್ದರು ಎಂದು ನೆನಪಿಸಿಕೊಂಡರು.

“ಬಲಗಡೆಗೆ ಒರೆಸೋರು ಪಾಪಾನ ಪಕ್ಕದ ಮನೆಯೋರ ಮೇಲೆ ಎಸೆದ ಹಾಗೆ,” ಎಂದರು. ಅವರ ಬಲಗಡೆಯ ಮನೆ ಒದಾಗಿರಿಯವರದು.

“ಎಡಗೈ ಶೌಚದ ಕೈ!” ಎಂದು ಒದಾಗಿರಿ ಗುಡುಗಿದರು.

“ಒರೆಸೋದು ಯಾವ ಜಾಗಕ್ಕೆ ಅಂತ ನೆನಪಿದ್ಯಾ, ಅಧ್ಯಕ್ಷರೇ?”

ಒಂದು ವಾರ ಎಡದವರು ಬಲದವರಿಗೆ ನಮಸ್ಕಾರ ಹೇಳಲಿಲ್ಲ. ನಾನು ಎರಡೂ ಕಡೆಯ ತಲೆ ಕತ್ತರಿಸಬೇಕಾದವನು; ಎರಡೂ ಕೈಯಲ್ಲಿ ಒರೆಸಿಕೊಂಡೆ.

ಈ ಗದ್ದಲ ನಗರಸಭೆಯ ಸಂಸ್ಕೃತಿ ವಿಭಾಗದ ಕಿವಿಗೆ ಬಿದ್ದು, ಅಲ್ಲಿಂದ ವಾಕಿಯಾ ಎಂಬ ಅಧಿಕಾರಿ ಬಂದರು. ಬೆವರದ ಮನುಷ್ಯ. ಅವರ ವಿಭಾಗ ಈ ವರ್ಷ ಒಂದು ಜನಪದ ಆಚರಣೆಯನ್ನು ದಾಖಲಿಸಲೇಬೇಕಿತ್ತು, ಮತ್ತು ವರ್ಷ ಮುಗಿಯುತ್ತಿತ್ತು.

“ಯಾರಿಂದ ಕಲಿತ್ರಿ?” ಎಂದು ನಿಶಿಗೋರಿಯನ್ನು ಕೇಳಿದರು.

“ಹಾಗೇ... ತಾನಾಗೇ ಬಂತು.”

“ಹಾಗೆಲ್ಲ ಬರೆಯೋಕಾಗಲ್ಲ ಸಾರ್. ಈ ನಮೂನೇಲಿ ಮೂರೇ ಮನೆ ಇದೆ. ತಂದೆ, ಅಜ್ಜ, ಇತರೆ. ‘ಇತರೆ’ ಅಂತ ಹಾಕಿದ್ರೆ ಇನ್ನೂ ಹನ್ನೊಂದು ಪುಟ ತುಂಬಬೇಕು.”

“ಹಾಗಿದ್ರೆ ಅಜ್ಜ.”

“ಮೂರನೇ ಚಪ್ಪಾಳೆ ಯಾಕೆ ಟೊಳ್ಳು?”

ನಿಶಿಗೋರಿ ಮೂಗಿನ ಹೊಳ್ಳೆ ಸವರಿಕೊಂಡರು. “ಅದು ಸಿಗೋದಿಲ್ಲ.”

“ಅದು ಸಿಗೋದಿಲ್ಲ,” ಎಂದು ವಾಕಿಯಾ ಬರೆದುಕೊಂಡು, ಪೆನ್ನು ಕೆಳಗಿಟ್ಟು, ತಲೆಬಾಗಿದರು. “ಇಷ್ಟು ವರ್ಷ ನೌಕರಿ ಮಾಡಿದ್ದೀನಿ. ಇಂಥ ಮಾತು ಯಾರೂ ಹೇಳಿರಲಿಲ್ಲ.”

ಎಡ ಬಲದ ಜಗಳವನ್ನು ಅವರು ಒಂದೇ ಗಳಿಗೆಯಲ್ಲಿ ಬಗೆಹರಿಸಿದರು. ಕಾಗದದಲ್ಲಿ ‘ಬಲ ಶಾಖೆ’, ‘ಎಡ ಶಾಖೆ’ ಎಂದು ಬರೆದರು. ಶಾಖೆಗಳಿದ್ದರೆ ಆಚರಣೆ ಹಳೆಯದು ಎಂದು ಅರ್ಥವಂತೆ. ಉಳಿದದ್ದು ಒಂದೇ: ನವೆಂಬರ್‌ನ ಸುಗ್ಗಿ ಪೂಜೆಯ ದಿನ ಕುಮಶಿರೊದ ಪ್ರಧಾನ ಅರ್ಚಕರ ಎದುರಿಗೆ ಇದನ್ನು ಮಾಡಿ ತೋರಿಸಬೇಕು. ಅವರು ಒಪ್ಪಿದರೆ ಸಂರಕ್ಷಣಾ ಮಂಡಳಿ, ಅದಕ್ಕೆ ನಿಶಿಗೋರಿಯೇ ಆಜೀವ ಮುಖ್ಯಸ್ಥರು, ಮನೆಯ ಬಾಗಿಲಿಗೆ ಮರದ ಫಲಕ.

ಆ ದಿನ ಕಿನುಯೊ ಅಮ್ಮ ಗಂಡನ ಕಪ್ಪು ಕೋಟಿನ ಗುಂಡಿ ಹಾಕುತ್ತ, ನಮ್ಮೆಲ್ಲರಿಗೂ ಕೇಳುವಂತೆ ಹೇಳಿದರು: “ರೀ, ಇವತ್ತು ಆ ಜಾಗದಲ್ಲಿ ಸುಳ್ಳು ಹೇಳಿದ್ರೆ ಸಂಜೆ ಅನ್ನ ನೀವೇ ಮಾಡ್ಕೊಳ್ಳಿ.” ಅವರು ಯಾವ ಸುಳ್ಳಿನ ಮಾತಾಡುತ್ತಿದ್ದಾರೆ ಎಂದು ಯಾರೂ ಕೇಳಲಿಲ್ಲ. ‘ನನಗೆ ಗೊತ್ತಿಲ್ಲ’ ಎನ್ನಬೇಕಾಗುತ್ತಿತ್ತಲ್ಲ.

ನವೆಂಬರ್‌ನ ಚಳಿಯಲ್ಲಿ ಒಂದು ನೊಣವೂ ಇರಲಿಲ್ಲ. ಎಂಬತ್ತೊಂದು ವರ್ಷದ ಪ್ರಧಾನ ಅರ್ಚಕರು ಬಿಳಿಯ ನಿಲುವಂಗಿಯಲ್ಲಿ ಕುಳಿತಿದ್ದರು. ವಾಕಿಯಾ ಮೊಹರು ಹಿಡಿದು ಪಕ್ಕದಲ್ಲಿ ನಿಂತಿದ್ದರು. ನಿಶಿಗೋರಿ ಮುಂದೆ ಬಂದು ಬಾಗಿದರು. ಎರಡು ಚಪ್ಪಾಳೆ. ತಲೆ ಎಡಕ್ಕೆ. ಟೊಳ್ಳು. ಮೌನ. ಹಲಗೆ ಮುರಿಯಿತು. ಅಂಗೈ. ಒರೆಸು. ಅವರ ಹಿಂದೆ ನಾವು ಇಪ್ಪತ್ತೆರಡು ಜನ, ಹನ್ನೊಂದು ಜನ ಬಲಕ್ಕೆ, ಹತ್ತು ಜನ ಎಡಕ್ಕೆ, ನಾನು ಎರಡೂ ಕಡೆಗೆ.

ಅರ್ಚಕರು ಮುಂದಕ್ಕೆ ಬಾಗಿ, ಹಣೆಯನ್ನು ನೆಲದ ಹಲಗೆಗೆ ಮುಟ್ಟಿಸಿದರು. ಮೀಟರ್ ಓದುವ ನಿಶಿಗೋರಿಗೆ!

“ನಾನು ಇಷ್ಟು ವರ್ಷ ಈ ದೇವರ ಸೇವೆ ಮಾಡಿದ್ರೂ ಇದು ನಂಗೆ ಗೊತ್ತಿರಲಿಲ್ಲ,” ಎಂದರು. “ನಾಳೆಯಿಂದ ನಮ್ಮ ಅರ್ಚಕರಿಗೆ ತಾವು ಕಲಿಸಿಕೊಡ್ಬೇಕು.”

ಆ ಮನುಷ್ಯ ‘ಗೊತ್ತಿರಲಿಲ್ಲ’ ಎಂದುಬಿಟ್ಟರು. ಅಷ್ಟು ಸುಲಭವಾಗಿ. ನಿಶಿಗೋರಿ ನೆಲಕ್ಕೆ ಅಡ್ಡಬಿದ್ದರು.

“ಸೊಳ್ಳೆ, ಸ್ವಾಮಿ!” ಎಂದು ಅವರು ಅಳತೊಡಗಿದರು. “ಸೊಳ್ಳೆ! ಮೂಗಿನ ಮೇಲೆ ಕೂತಿತ್ತು. ನಾನು ಹೊಡೆದೆ. ನಿಮ್ಮ ದೇವರ ಮುಂದೆ ರಕ್ತ ಆಯ್ತು. ಪ್ಯಾಂಟಿಗೆ ಒರೆಸಿದೆ. ಇವರು ಹಿಂದಿಂದ ಹಾಗೇ ಮಾಡಿದ್ರು. ಅಜ್ಜ ಏನೂ ಕಲಿಸಿಲ್ಲ. ನನ್ನಜ್ಜ ಬುದ್ಧನ ಭಕ್ತ, ಈ ದೇಗುಲಕ್ಕೆ ಬಂದೋನೇ ಅಲ್ಲ!”

ಅರ್ಚಕರು ನಿಶಿಗೋರಿಯನ್ನು ನೋಡಿದರು, ನಮ್ಮನ್ನು ನೋಡಿದರು, ಆಮೇಲೆ ಮಾಡಿನ ತೊಲೆಯನ್ನು ಬಹಳ ಹೊತ್ತು ನೋಡಿದರು.

“ನಮ್ಮಲ್ಲಿ ಒಂದು ಪೂಜೆ ಇದೆ,” ಎಂದು ನಿಧಾನವಾಗಿ ಹೇಳಿದರು. “ಮಂತ್ರದ ಮಧ್ಯದಲ್ಲಿ ಬಲಗಿವೀನ ಮೂರು ಸಲ ತೋಳಿಂದ ಸವರ್ಕೊಳ್ತೀವಿ. ನಮ್ಮಪ್ಪ ನಂಗೆ ಕಲಿಸಿದ್ರು. ಅವರಪ್ಪ ಅವರಿಗೆ. ನಾನೂರು ವರ್ಷದಿಂದ ಇದೆಯಂತೆ. ಯಾಕೆ ಅಂತ ಎಲ್ಲೂ ಬರೆದಿಲ್ಲ.” ಎದ್ದು ನಿಲ್ಲುತ್ತ ಸೇರಿಸಿದರು: “ಅದು ಆಗಸ್ಟ್‌ನಲ್ಲಿ ಬರುತ್ತೆ. ಸೊಳ್ಳೆ ಹೆಚ್ಚಿರೋ ತಿಂಗ್ಳು.”

ನಿಶಿಗೋರಿಯ ಹೆಗಲು ತಟ್ಟಿ, ಮೈಲಿಗೆ ಕಳೆಯಲು ಬಿಳಿ ಕಾಗದದ ಗರಿ ಕಟ್ಟಿದ ಕೋಲನ್ನು ತಲೆಯ ಮೇಲೆ ಎರಡು ಸಲ ಬೀಸಿ, ಅವರು ಒಳಗೆ ಹೋದರು. ದೇವರ ಕಡೆಯಿಂದ ವಿಷಯ ಅಲ್ಲಿಗೆ ಮುಗಿಯಿತು. ಬೀದಿಯ ಕಡೆಯಿಂದ ಆಗಷ್ಟೇ ಶುರುವಾಯಿತು.

“ಈಗೇನು ಮಾಡೋದು?” ಎಂದು ವಾಕಿಯಾ ಹಣೆ ಒರೆಸಿಕೊಂಡರು. ಬೆವರದ ಮನುಷ್ಯ ಬೆವರಿದ್ದರು. “ನಾನು ಮೊಹರು ಒತ್ತಿ ಆಯ್ತು. ಅವರು ಹಣೆ ಮುಟ್ಟಿಸಿದ ಕೂಡ್ಲೇ ಒತ್ತಿದೆ. ಒತ್ತಿದ ಮೊಹರನ್ನ ಅಳಿಸೋಕೆ ನಮ್ಮಲ್ಲಿ ನಮೂನೆ ಇಲ್ಲ.”

“ಅಳಿಸೋದ್ಯಾಕೆ?” ಒದಾಗಿರಿ ಎದ್ದು ನಿಂತರು. ಮಂಡಿ ನೋವು ಎಲ್ಲಿ ಹೋಯಿತೋ. “ಈ ಮನುಷ್ಯನಿಗೆ ಸೊಳ್ಳೆ ಕಂಡಿರಬಹುದು. ನನಗಂತೂ ಕಾಣಲಿಲ್ಲ. ನಾನು ಹೊಡೆದದ್ದು ಶ್ರದ್ಧೆಯಿಂದ. ಯಾರಿಗಾದ್ರೂ ಸೊಳ್ಳೆ ಕಂಡಿತ್ತಾ?”

ಯಾರಿಗೂ ಕಂಡಿರಲಿಲ್ಲ.

“ಅಲ್ಲ, ಅಧ್ಯಕ್ಷರೇ, ಹೊಡೆದೋನೇ ನಾನು...” ಎಂದು ನಿಶಿಗೋರಿ ತೊದಲಿದರು.

“ಸಂಪ್ರದಾಯದ ಬಗ್ಗೆ ಹೀಗೆ ಹಗುರವಾಗಿ ಮಾತಾಡೋರಿಗೆ ನಾಚಿಕೆ ಆಗ್ಬೇಕು,” ಎಂದು ಹಚಿಸುಕಾ ಅಮ್ಮ ಕಣ್ಣು ಕೆಂಪು ಮಾಡಿಕೊಂಡರು. “ನಮ್ಮಜ್ಜ ಸೊಳ್ಳೆ ಹೊಡೀತಿದ್ರಾ ಹಾಗಿದ್ರೆ?”

ಬಸ್ಸಿನಲ್ಲೇ ತುರ್ತು ಸಭೆ ನಡೆಯಿತು. ಒಬ್ಬ ವ್ಯಕ್ತಿಯ ಚಿತ್ತಚಾಂಚಲ್ಯಕ್ಕೆ ಇಡೀ ಬೀದಿಯ ಪರಂಪರೆಯನ್ನು ಬಲಿಕೊಡಲಾಗದು ಎಂದು ನಿರ್ಣಯವಾಯಿತು. ಮಂಡಳಿಯ ಮುಖ್ಯಸ್ಥೆಯಾಗಿ ಹಚಿಸುಕಾ ಅಮ್ಮ ಆಯ್ಕೆಯಾದರು. ಸುಳ್ಳು ಹೇಳಿದಾಗ ದಿಂಬಿನ ಮೇಲೆ ಕೂರಿಸಿದವರು, ನಿಜ ಹೇಳಿದ ತಪ್ಪಿಗೆ ಆ ಮನುಷ್ಯನನ್ನು ಬಸ್ಸಿನ ಹಿಂದಿನ ಸೀಟಿಗೆ ಕಳಿಸಿದರು. ಇವರ ಮುಖಕ್ಕಿಷ್ಟು! ಕಿನುಯೊ ಅಮ್ಮ ಒಬ್ಬರೇ ಎದ್ದು ಹೋಗಿ ಗಂಡನ ಪಕ್ಕ ಕೂತು, ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೊಟ್ಟರು. ನಾನು ಕೈ ಎತ್ತಿದೆ. ನಿರ್ಣಯದ ಪರವಾಗಿ.

ಆದರೂ ನಮ್ಮದು ಕರುಣೆಯುಳ್ಳ ಬೀದಿ. ನಿಶಿಗೋರಿಯನ್ನು ಪೂರ್ತಿ ಹೊರಗೆ ಹಾಕಲಿಲ್ಲ. ಗುರುವಾರದ ಅಭ್ಯಾಸಕ್ಕೆ ಬಂದು ಮೊದಲಿನಿಂದ ಕಲಿಯಬಹುದು ಎಂದರು. ಅವರು ಬಂದರು. ಬರದೆ ಇದ್ದರೆ ಯಾರೂ ಗಮನಿಸುತ್ತಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಹಚಿಸುಕಾ ಅಮ್ಮ ಎಲ್ಲರ ಎದುರು ಅವರನ್ನು ನಿಲ್ಲಿಸಿ ಮಾಡಿಸಿದರು.

“ಊಹೂಂ, ಹಾಗಲ್ಲ. ಮೂರನೇದು ಏನೋ ಕೈತಪ್ಪಿ ಹೋದ ಹಾಗಿರ್ಬೇಕು. ನಿಮ್ಮದ್ರಲ್ಲಿ ನಿರಾಶೆನೇ ಇಲ್ಲ. ಇನ್ನೊಂದ್ಸಲ.”

ನಿಶಿಗೋರಿ ತಟ್ಟಿದರು.

“ನಾಲ್ಕನೇದು ಸಿಕ್ಕಿದ ಹಾಗಿರ್ಬೇಕು. ಕಣ್ಣಲ್ಲಿ ಕಾಣ್ಬೇಕು. ಇನ್ನೊಂದ್ಸಲ.”

ಮತ್ತೆ ತಟ್ಟಿದರು. ಹಚಿಸುಕಾ ಅಮ್ಮ ಅವರ ಮಣಿಕಟ್ಟು ಹಿಡಿದು ಮೂಗಿನ ಎಡಕ್ಕೆ ತಂದು ತೋರಿಸಿದರು. ಮೂರನೆಯ ಪ್ರಯತ್ನವೂ ಆದಮೇಲೆ ನಿಟ್ಟುಸಿರು ಬಿಟ್ಟು, “ಈ ವಯಸ್ಸಿಗೆ ಕಷ್ಟ ಬಿಡಿ. ಇದು ರಕ್ತದಲ್ಲೇ ಬರ್ಬೇಕು,” ಎಂದರು. “ಹಿಂದೆ ಹೋಗಿ ನಿಂತ್ಕೊಳ್ಳಿ. ಮುಂದಿನೋರು ಹೇಗೆ ಮಾಡ್ತಾರೆ ಅಂತ ನೋಡಿ, ಹಾಗೇ ಮಾಡಿ.”

ನಿಶಿಗೋರಿ ತಲೆಬಾಗಿ, ಧನ್ಯವಾದ ಹೇಳಿ, ಕೊನೆಯ ಸಾಲಿಗೆ ಹೋದರು. ಕಣ್ಣು ಕಿರಿದು ಮಾಡಿ ಎದುರಿನ ಬೆನ್ನನ್ನೇ ನೋಡುತ್ತ, ಆ ಬೆನ್ನು ತಟ್ಟಿದಾಗ ತಟ್ಟಿದರು, ನೋಡಿದಾಗ ನೋಡಿದರು, ಒರೆಸಿಕೊಂಡಾಗ ಒರೆಸಿಕೊಂಡರು.

ಆ ಬೆನ್ನು ನನ್ನದು.